ಕೇಕು ಬೇಯುವ ಮುಕ್ಕಾಲು ತಾಸು

ಡಿಸೆಂಬರಿನ ಕೊನೆಯ ವಾರ ಬಂತೆಂದರೆ ಬೀದರ್ ಸೀಮೆಯ ಒಲೆಗಳಿಗೆ ಬಿಡುವಿಲ್ಲ. ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿನ ಸುತ್ತಲಿನ ಮನೆಗಳಲ್ಲಿ ಕ್ರಿಸ್‌ಮಸ್ ತಿನಿಸು. ಅದರ ಹಿಂದೆಯೋ ಮುಂದೆಯೋ ಬರುವ ಎಳ್ಳ ಅಮಾವಾಸ್ಯೆಗೆ ಭಾಲ್ಕಿ, ಔರಾದ, ಅಷ್ಟೂರ ಎನ್ನದೆ ಎಲ್ಲ ಕಡೆ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಸಡಗರ ಒಂದು ಕಡೆಯಾದರೆ, ಮೊಬೈಲಿನಲ್ಲಿ ಕಂಡ ಕೇಕು ಮನೆಯಲ್ಲೇ ಆಗಬೇಕೆಂದು ಹಟ ಹಿಡಿದ ಮಕ್ಕಳು ಇನ್ನೊಂದು ಕಡೆ. ಇಷ್ಟರ ನಡುವೆ ಅಂಗಳದಲ್ಲಿ ಆಕಳು, ಹೊಸ್ತಿಲಿಗೆ ಅಡ್ಡ ಮಲಗಿದ ನಾಯಿ, ಒಲೆಯ ಮೂಲೆಯಲ್ಲಿ ಬೆಚ್ಚಗೆ ಕೂತ ಬೆಕ್ಕು. ಹಳ್ಳಿಯ ಮನೆ ಎಂದರೆ ಇವೂ ಸೇರಿಯೇ.

ರೊಟ್ಟಿ ಬಡಿಯುವವರ ಕೈಗೆ ಕೊನೆಯ ರೊಟ್ಟಿಯ ತನಕ ಬಿಡುವಿರುವುದಿಲ್ಲ. ಕೇಕು ಹಾಗಲ್ಲ. ಹಿಟ್ಟು ಕಲಸಿ ಒಳಗಿಟ್ಟ ಮೇಲೆ ಮುಕ್ಕಾಲು ತಾಸು ಯಾರಿಗೂ ಮಾಡಲು ಕೆಲಸವಿಲ್ಲ, ಮುಚ್ಚಳ ತೆಗೆದು ನೋಡುವಂತೆಯೂ ಇಲ್ಲ. ಕಟ್ಟೆಯ ಮೇಲೆ ಬಿಟ್ಟ ದ್ರಾಕ್ಷಿಗೋ ಚಾಕೊಲೇಟಿಗೋ ನಾಯಿ ಬಾಯಿ ಹಾಕುವುದು ಈ ಹೊತ್ತಿನಲ್ಲೇ. ಮನೆಮಂದಿಯೆಲ್ಲ ಒಂದೆಡೆ ಕೂತು ನಾಲ್ಕು ಹಾಡು ಕೇಳಲು ಪುರುಸೊತ್ತು ಸಿಗುವುದೂ ಈ ಹೊತ್ತಿನಲ್ಲೇ. ಆದ್ದರಿಂದ ತಿನಿಸು, ಸಾಕುಪ್ರಾಣಿ, ಹಾಡು ಮೂರನ್ನೂ ಇಲ್ಲಿ ಒಟ್ಟಿಗೇ ಹೇಳುತ್ತಿದ್ದೇನೆ.

ಭಟ್ಟಿಗೆ ಒಯ್ಯುವ ಡಬ್ಬಿ

ಕೇಕಿಗಿಂತ ಮೊದಲು ನಾನಖಟಾಯಿಯ ಮಾತು. ಹೈದರಾಬಾದ್‌ನಿಂದ ಕಲಬುರಗಿಯವರೆಗೆ ಈ ಸೀಮೆಯಲ್ಲಿ ಮನೆಯ ಸಾಮಾನನ್ನು ಬೇಕರಿಯ ಭಟ್ಟಿಗೆ ಒಯ್ದು ಬಿಸ್ಕೀಟು ಮಾಡಿಸಿಕೊಂಡು ಬರುವ ರೂಢಿ ಹಳೆಯದು. ಹಿಟ್ಟು, ತುಪ್ಪ, ಸಕ್ಕರೆ ನಮ್ಮವು. ಕೈ, ಕಾವು ಅವರದು. ಕೊಡಬೇಕಾದದ್ದು ಕಿಲೋ ಲೆಕ್ಕದ ಕೂಲಿ. ಹಬ್ಬಕ್ಕೂ ರಂಜಾನಿಗೂ ಶಾಲೆಯ ರಜೆಗೂ ತಗಡಿನ ಡಬ್ಬಿ ತುಂಬ ನಾನಖಟಾಯಿ ಬರುತ್ತಿದ್ದದ್ದು ಹೀಗೆಯೇ. ಈಗಲೂ ಒಪ್ಪುವ ಬೇಕರಿಗಳಿವೆ. ನಿಮ್ಮ ಊರಿನ ಬೇಕರಿಯಲ್ಲಿ ಒಂದು ಮಾತು ಕೇಳಿ ನೋಡಿ.

ಕಟ್ಟಿಗೆಯ ಭಟ್ಟಿಯಾದರೆ ಬ್ರೆಡ್ಡು, ಪಾವು ಇಳಿದ ಮೇಲಿನ ಹೊತ್ತು ಹಿಡಿಯಿರಿ. ಏರುವ ಕಾವು ಬ್ರೆಡ್ಡಿಗೆ ಬೇಕು. ನಾನಖಟಾಯಿಗೆ ಇಳಿಯುವ ಕಾವೇ ಸರಿ. ಜೋರು ಬೆಂಕಿಯಲ್ಲಿ ಅಂಚು ಕೆಂಪಾಗಿ ಹೊಟ್ಟೆ ಹಸಿಯಾಗಿ ಉಳಿಯುತ್ತದೆ. ಒಂದು ಕಿಲೋ ಮೈದಾಕ್ಕೆ ಮುಕ್ಕಾಲು ಕಿಲೋ ಸಕ್ಕರೆ, ಮುಕ್ಕಾಲು ಕಿಲೋ ಡಾಲ್ಡಾ ಎಂಬುದು ಭಟ್ಟಿಯ ಹಳೆಯ ಅಳತೆ. ನಾನಾದರೆ ಡಾಲ್ಡಾ ಬಿಟ್ಟು ತುಪ್ಪ ಒಯ್ಯಿರಿ ಎನ್ನುತ್ತೇನೆ. ಹೈನವಿರುವ ಮನೆಯಲ್ಲಿ ತುಪ್ಪಕ್ಕೆ ಬರವಿಲ್ಲ, ರುಚಿಯಲ್ಲೂ ಅದೇ ಮೇಲು. ತುಪ್ಪ ಸಾಲದು, ವನಸ್ಪತಿಯೇ ಗತಿ ಎನ್ನುವವರು ಪಾಕೀಟಿನ ಮೇಲೆ ಟ್ರಾನ್ಸ್ ಕೊಬ್ಬಿನ ಪ್ರಮಾಣ ಓದಿಕೊಳ್ಳಿ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ 2 ಮೀರುವಂತಿಲ್ಲ. ಬಿಡಿಯಾಗಿ ಅಳೆದು ಕೊಡುವ ಡಾಲ್ಡಾದ ಮೇಲೆ ಇದನ್ನು ಓದಲು ಬರುವುದಿಲ್ಲ, ಅದನ್ನು ಕೊಳ್ಳಬೇಡಿ.

ಮನೆಯಲ್ಲೇ ಮಾಡುವವರಿಗೆ ಸಣ್ಣ ಅಳತೆ ಇದು: ಮೈದಾ 120 ಗ್ರಾಂ, ಕಡ್ಲಿ ಹಿಟ್ಟು 40 ಗ್ರಾಂ, ಸಣ್ಣ ರವಾ 20 ಗ್ರಾಂ, ತುಪ್ಪ 100 ಗ್ರಾಂ, ಪುಡಿ ಸಕ್ಕರೆ 85 ಗ್ರಾಂ, ಯಾಲಕ್ಕಿ ಪುಡಿ, ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಇದರಲ್ಲಿ ಎಲ್ಲಕ್ಕಿಂತ ಮುಖ್ಯ ತುಪ್ಪದ ಸ್ಥಿತಿ. ಕರಗಿದ ತುಪ್ಪದಲ್ಲಿ ಕಲಸಿದರೆ ನಾನಖಟಾಯಿ ತಟ್ಟೆಯ ತುಂಬ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ತುಪ್ಪ ಹೆಪ್ಪುಗಟ್ಟಿರಬೇಕು, ಆದರೆ ಬೆರಳಿಗೆ ಮಣಿಯಬೇಕು. ಈ ವಿಷಯದಲ್ಲಿ ಬೀದರಿನ ಚಳಿ ನಮಗೆ ಅನುಕೂಲ. ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಊರಿದು. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ದಾಖಲಾಗುವ ಊರುಗಳ ಪಟ್ಟಿಯಲ್ಲಿ ಇದರ ಹೆಸರು ಮತ್ತೆಮತ್ತೆ ಬರುತ್ತದೆ. ಡಿಸೆಂಬರಿನ ಬೆಳಗ್ಗೆ ತುಪ್ಪದ ಗಿಂಡಿ ತಾನಾಗಿಯೇ ಹದಕ್ಕೆ ಬಂದಿರುತ್ತದೆ. ಫ್ರಿಜ್ ಬೇಕಿಲ್ಲ.

ಅಗಲವಾದ ಪರಾತದಲ್ಲಿ ತುಪ್ಪ, ಸಕ್ಕರೆ ಹಾಕಿ ಅಂಗೈಯ ಬುಡದಿಂದ ಒತ್ತಿ ಉಜ್ಜಿ. ಮೊದಲು ಸಕ್ಕರೆ ಕೈಗೆ ತರಿತರಿಯಾಗಿ ಹತ್ತುತ್ತದೆ. ಎಂಟು ಹತ್ತು ನಿಮಿಷ ಬಿಡದೆ ಉಜ್ಜಿದರೆ ಹಳದಿ ಬಣ್ಣ ಹೋಗಿ ಬೆಳ್ಳಗಾಗುತ್ತದೆ, ಉಬ್ಬುತ್ತದೆ, ಪರಾತದ ಅಂಚಿಗೆ ಮೆತ್ತಿಕೊಳ್ಳದೆ ಕೈಯ ಹಿಂದೆಯೇ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಹಿಟ್ಟುಗಳನ್ನು ಜರಡಿ ಹಿಡಿದು ಹಾಕಿ, ನಾದಬೇಡಿ. ಬೆರಳ ತುದಿಯಲ್ಲಿ ಕೂಡಿಸಿದರೆ ಸಾಕು. ಉಂಡೆ ಕಟ್ಟಿ ಹೆಬ್ಬೆರಳಿನಿಂದ ನಡುವೆ ತುಸು ಒತ್ತಿದಾಗ ಅಂಚು ಸಣ್ಣಗೆ ಸೀಳು ಬಿಟ್ಟರೆ ಹದ ಸರಿಯಿದೆ ಎಂದರ್ಥ. 160–170 ಡಿಗ್ರಿ ಕಾವಿನಲ್ಲಿ 18ರಿಂದ 20 ನಿಮಿಷ ಬೇಕು. ಹೊರಗೆ ತೆಗೆದಾಗ ಮೆತ್ತಗಿರುತ್ತದೆ, ಅದನ್ನು ನೋಡಿ ಮತ್ತೆ ಒಳಗೆ ಇಡಬೇಡಿ. ಆರಿದ ಮೇಲೇ ಅದು ಗರಿಯಾಗುವುದು.

ಓವನ್ ಇಲ್ಲದ ಮನೆಯ ಬೆಲ್ಲದ ಕೇಕು

ಕೇಕಿಗೆ ನಾನು ಆರಿಸುವುದು ಇಲ್ಲಿನ ಬೆಲ್ಲ, ಇಲ್ಲಿನ ಹಸಿ ಶುಂಠಿ, ಒಂದಿಷ್ಟು ಜೋಳದ ಹಿಟ್ಟು. ಜಿಲ್ಲೆಯಲ್ಲಿ ಕಬ್ಬಿದೆ, ಶುಂಠಿಯಂತೂ ‘ಬೀದರ್ ಲೋಕಲ್’ ಎಂಬ ತಳಿಯ ಹೆಸರಿನಿಂದಲೇ ಹೊರಗೆ ಗುರುತಾಗಿದೆ. ದೂರದ ಊರಿನ ಪ್ಲಮ್ ಕೇಕಿನ ನಕಲು ಮಾಡುವುದಕ್ಕಿಂತ ಇದು ಮೇಲು. ಒಣದ್ರಾಕ್ಷಿ ಇಲ್ಲದ ಕೇಕು ಎಂಬುದು ಮನೆಯಲ್ಲಿ ನಾಯಿ ಇರುವವರಿಗೆ ಇನ್ನೊಂದು ಲಾಭ. ಯಾಕೆಂದು ಮುಂದೆ ಹೇಳುತ್ತೇನೆ.

ಬೆಲ್ಲ ಕೊಳ್ಳುವಾಗ ಹೊಂಬಣ್ಣಕ್ಕೆ ಮರುಳಾಗಬೇಡಿ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಬಳಸುವವರಿದ್ದಾರೆ. ಕಂದು ಬಣ್ಣದ, ತುಸು ಮೆತ್ತಗಿನ ಬೆಲ್ಲವೇ ಕೇಕಿಗೆ ಒಳ್ಳೆಯದು, ಬಣ್ಣವೂ ಬರುತ್ತದೆ. 130 ಗ್ರಾಂ ಬೆಲ್ಲವನ್ನು ಕಾಲು ಲೋಟ ಬಿಸಿನೀರಲ್ಲಿ ಕರಗಿಸಿ ಸೋಸಿ ಆರಲು ಬಿಡಿ. ಪಾಕ ಮಾಡುವುದು ಬೇಡ. ಗೋಧಿ ಹಿಟ್ಟು 100 ಗ್ರಾಂ, ಜೋಳದ ಹಿಟ್ಟು 50 ಗ್ರಾಂ ಅಳೆದುಕೊಳ್ಳಿ. ಜೋಳ ಇದಕ್ಕಿಂತ ಹೆಚ್ಚಾದರೆ ಕೇಕು ಉದುರುತ್ತದೆ. ಗೋಧಿಯಲ್ಲಿರುವ ಅಂಟಿನ ಗುಣ ಜೋಳಕ್ಕಿಲ್ಲ. ರೊಟ್ಟಿಗೆ ಬಿಸಿನೀರಿನ ಎಸರು ಹಾಕಿ ನಾದುವುದೂ ಅದಕ್ಕಾಗಿಯೇ. ಬಿಸಿನೀರು ಬಿದ್ದಾಗ ಜೋಳದ ಪಿಷ್ಟ ಅರ್ಧ ಬೆಂದು ಹಿಟ್ಟನ್ನು ಹಿಡಿದಿಡುತ್ತದೆ. ಕೇಕಿನಲ್ಲಿ ಆ ಕೆಲಸಕ್ಕೆ ಮೊಸರಿದೆ. ಜೋಳದ ಹಿಟ್ಟನ್ನು 150 ಗ್ರಾಂ ಮೊಸರಿನಲ್ಲಿ ಅರ್ಧ ತಾಸು ನೆನೆಸಿಡಿ. ನೆನೆಸದೆ ಹಾಕಿದರೆ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತದೆ.

ನೆನೆದ ಹಿಟ್ಟಿಗೆ ಬೆಲ್ಲದ ನೀರು, 75 ಎಂಎಲ್ ವಾಸನೆಯಿಲ್ಲದ ಎಣ್ಣೆ, ಎರಡು ಚಮಚ ತುರಿದ ಶುಂಠಿ, ಯಾಲಕ್ಕಿ ಸೇರಿಸಿ. ಗೋಧಿ ಹಿಟ್ಟಿನ ಜೊತೆ ಅರ್ಧ ಚಮಚ ಅಡುಗೆ ಸೋಡಾ, ಅರ್ಧ ಚಮಚ ಬೇಕಿಂಗ್ ಪೌಡರ್ ಜರಡಿ ಹಿಡಿದು ಕೊನೆಗೆ ಬೆರೆಸಿ. ಮೊಸರು, ಬೆಲ್ಲಗಳ ಹುಳಿಗೆ ಸೋಡಾ ಆ ಕ್ಷಣವೇ ಗುಳ್ಳೆ ಎಬ್ಬಿಸುತ್ತದೆ. ಆ ಗುಳ್ಳೆಯೇ ಕೇಕಿನ ಉಬ್ಬು. ಕಲಸಿಟ್ಟು ಫೋನಿನಲ್ಲಿ ಮಾತಾಡಲು ಹೋದರೆ ಗುಳ್ಳೆ ಒಡೆದು ಕೇಕು ಗಟ್ಟಿಯಾಗುತ್ತದೆ. ಪಾತ್ರೆ ಮೊದಲೇ ಕಾದಿರಬೇಕು, ಡಬ್ಬಿಗೆ ಎಣ್ಣೆ ಸವರಿಟ್ಟಿರಬೇಕು.

ಕುಕ್ಕರಿನಲ್ಲಿ ಕೇಕು ಮಾಡುವುದು ರೂಢಿಯಲ್ಲಿದೆ, ಆದರೆ ನೀರಿಲ್ಲದೆ ಒಣದಾಗಿ ಕಾಯಿಸಲು ಕುಕ್ಕರು ಮಾಡಿದ್ದಲ್ಲ. ಹಳೆಯ ದಪ್ಪ ತಳದ ಪಾತೇಲಿ ಒಂದನ್ನು ಇದಕ್ಕೆಂದೇ ಎತ್ತಿಡಿ. ತಳಕ್ಕೆ ಬೆರಳು ದಪ್ಪ ಕಲ್ಲುಪ್ಪು ಹರಡಿ, ಮೇಲೆ ಸಿಂಬಿಯೋ ಸ್ಟ್ಯಾಂಡೋ ಇಟ್ಟು, ಭಾರದ ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕುಕ್ಕರೇ ಗತಿಯಾದರೆ ಗ್ಯಾಸ್ಕೆಟ್ಟು, ಸೀಟಿ ಎರಡನ್ನೂ ತೆಗೆಯಲೇಬೇಕು. ಡಬ್ಬಿ ಇಳಿಸಿದ ಮೇಲೆ ಉರಿ ಸಣ್ಣದು ಮಾಡಿ 40ರಿಂದ 50 ನಿಮಿಷ ಬಿಡಿ. ಮೊದಲ ಅರ್ಧ ತಾಸು ಮುಚ್ಚಳ ಮುಟ್ಟಬಾರದು. ಬೆಲ್ಲದ ಕೇಕು ಬೇಗ ಕಪ್ಪಾಗುವುದರಿಂದ ಬಣ್ಣ ನೋಡಿ ಮೋಸ ಹೋಗಬೇಡಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಹತ್ತದಿದ್ದರೆ ಮಾತ್ರ ಬೆಂದಂತೆ. ಕರೆಂಟಿನ ಓವನ್ ಇದ್ದವರಿಗೆ 170 ಡಿಗ್ರಿ, 35ರಿಂದ 40 ನಿಮಿಷ. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೆ ಕಾಯಿರಿ, ಒಳಗಿನ ಕಾವಿನಲ್ಲೇ ಒಂದಿಷ್ಟು ಬೇಯುತ್ತದೆ.

ನಾಯಿ, ಬೆಕ್ಕು, ಆಕಳು

ಈಗ ಕೈ ಬಿಡುವಾಯಿತು. ಮೊದಲು ಕಟ್ಟೆ ನೋಡಿ. ಒಣದ್ರಾಕ್ಷಿಯ ಪೊಟ್ಟಣ ಅಲ್ಲಿದ್ದರೆ ಎತ್ತಿಡಿ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಎಂದು ಹೇಳಲು ಬರುವುದಿಲ್ಲ: ಒಂದು ನಾಯಿ ಹಿಡಿ ತುಂಬ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕೇ ಕಾಳಿಗೆ ಹಾಸಿಗೆ ಹಿಡಿಯುತ್ತದೆ. ಮೊದಲ ದಿನ ವಾಂತಿ, ಆಮೇಲೆ ಊಟ ಬಿಡುವುದು, ಎರಡು ಮೂರು ದಿನದಲ್ಲಿ ಮೂತ್ರವೇ ಕಟ್ಟಿಹೋಗುವುದು. ಇದರ ಕಾರಣ ಬಹಳ ಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟು ಮಾಡಿದರು. ನಮ್ಮ ಕಡೆಯವರು ಕಿವಿ ನಿಮಿರಿಸಿ ಕೇಳಬೇಕಾದ ಮಾತು ಇದು, ಯಾಕೆಂದರೆ ಹುಣಸೆ ಹಣ್ಣಿನ ಹುಳಿಯೂ ಅದೇ ಆಮ್ಲ. ಹುಣಸೆ ತಿಂದ ನಾಯಿಗಳಿಗೂ ಇದೇ ಬಗೆಯ ತೊಂದರೆಯಾದದ್ದುಂಟು. ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಹುಣಸೆ ಬೀಳುತ್ತದೆ, ಬೆಳ್ಳುಳ್ಳಿ ಬೀಳುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿಗಳು ಬೆಂದಿದ್ದರೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ಹೊಲಕ್ಕೆ ಜೊತೆ ಬಂದ ನಾಯಿಗೆ ಪ್ರೀತಿಯಿಂದ ಭಜ್ಜಿ ಕಲಸಿ ಹಾಕುವವರಿಗೆ ನನ್ನ ವಿನಂತಿ ಇಷ್ಟೇ: ಬರೀ ರೊಟ್ಟಿ, ಹಾಲು ಹಾಕಿ. ಅದಕ್ಕೆ ಅದೇ ಹಬ್ಬ.

ಚಾಕೊಲೇಟಿನ ಲೆಕ್ಕ ಇನ್ನಷ್ಟು ಸ್ಪಷ್ಟ. ಅದರಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಬೇಗ ಹೊರಹಾಕಲಾರದು. ನಾಯಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಭೇದಿ, ಚಡಪಡಿಕೆ. 40–50ಕ್ಕೆ ಎದೆಬಡಿತ ತಪ್ಪುತ್ತದೆ. 60 ದಾಟಿದರೆ ಸೆಳೆತ. ಹಾಲಿನ ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ ಇದ್ದರೆ ಕೇಕಿಗೆ ಬಳಸುವ ಕೋಕೋ ಪುಡಿಯಲ್ಲಿ ಅದು 20ರ ಆಸುಪಾಸು. ಅಂದರೆ 50 ಗ್ರಾಂ ಕೋಕೋ ಹಾಕಿದ ಒಂದು ಇಡೀ ಕೇಕನ್ನು 15 ಕಿಲೋದ ಓಣಿ ನಾಯಿ ತಿಂದಿತೆಂದರೆ ಅದರ ಜೀವಕ್ಕೇ ಸಂಚಕಾರ. ಈಸ್ಟ್ ಹಾಕಿ ಉಬ್ಬಲು ಇಟ್ಟ ಪಾವಿನ ಹಿಟ್ಟೂ ಹೊಟ್ಟೆಯೊಳಗೆ ಉಬ್ಬುತ್ತಲೇ ಹೋಗುತ್ತದೆ, ಮೇಲೆ ಮದ್ಯಸಾರವೂ ಹುಟ್ಟುತ್ತದೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಂಥವುಗಳಲ್ಲಿರುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ. ಬೇಯಿಸಿದ ಕೋಳಿಯ ಮೂಳೆ ಚೂಪಾಗಿ ಸೀಳುತ್ತದೆ, ಅದನ್ನೂ ಎಸೆಯಬೇಡಿ.

ಬೆಕ್ಕಿನ ಚಿಂತೆ ಸ್ವಲ್ಪ ಕಡಿಮೆ. ಸಿಹಿಯ ರುಚಿ ಅದಕ್ಕೆ ತಿಳಿಯುವುದೇ ಇಲ್ಲ, ಆ ರುಚಿ ಹಿಡಿಯುವ ಜೀನ್ ಬೆಕ್ಕಿನ ಜಾತಿಯಲ್ಲಿ ಕೆಲಸ ಮಾಡುವುದಿಲ್ಲ. ಅದು ಬರುವುದು ತುಪ್ಪಕ್ಕೆ, ಕೆನೆಗೆ. ಕ್ರಿಸ್‌ಮಸ್ ಗಿಡದ ಮಿಂಚುವ ಜರಿದಾರ ಮಾತ್ರ ಅದಕ್ಕೆ ಯಮಪಾಶ: ನುಂಗಿದ ದಾರ ಕರುಳನ್ನು ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ, ವೈದ್ಯರಲ್ಲಿಗೆ ಒಯ್ಯಿರಿ.

ಇನ್ನು ಆಕಳು. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಹಬ್ಬದ ಮರುದಿನ ನಿಜವಾದ ಅನಾಹುತ ಆಗುವುದು ಕೊಟ್ಟಿಗೆಯಲ್ಲೇ. ಉಳಿದ ಅನ್ನ, ಪೂರಿ, ಕಡುಬು, ಸುಟ್ಟುಹೋದ ಕೇಕು ಎಲ್ಲವನ್ನೂ ದಾನದ ಪುಣ್ಯವೆಂದು ದನದ ಬಾನಿಗೆ ಸುರಿಯುತ್ತಾರೆ. ಮೇವು ತಿನ್ನುವ ಹೊಟ್ಟೆಗೆ ಒಮ್ಮೆಲೇ ಅಷ್ಟು ಪಿಷ್ಟ, ಸಕ್ಕರೆ ಬಿದ್ದರೆ ಅಲ್ಲಿ ಹುಳಿ ಉಕ್ಕುತ್ತದೆ. ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ನೀರು ಸಗಣಿ ಬರುತ್ತದೆ, ದನ ಎದ್ದು ನಿಲ್ಲಲಾರದೆ ಮಲಗಿಬಿಡುತ್ತದೆ. ಒಂದೇ ದಿನದಲ್ಲಿ ಸತ್ತದ್ದೂ ಉಂಟು. ಕೇಕನ್ನು ಉಬ್ಬಿಸುವ ಅದೇ ಸೋಡಾವನ್ನು ಈ ಹುಳಿ ಮುರಿಯಲು ವೈದ್ಯರು ಬಳಸುತ್ತಾರೆ, ಆದರೆ ಪ್ರಮಾಣ ಅವರೇ ಹೇಳಬೇಕು. ಪೂಜೆಯ ನೈವೇದ್ಯ ಒಂದು ತುತ್ತು ಸಾಕು; ಉಳಿದದ್ದು ಗೊಬ್ಬರದ ಗುಂಡಿಗೆ ಹೋಗಲಿ. ಅದರಲ್ಲೂ ಕೊಟ್ಟಿಗೆಯಲ್ಲಿರುವುದು ದೇವಣಿಯಾದರೆ ಅದು ಈ ಗಡಿನಾಡಿನದೇ ತಳಿ. ಮೈಯೆಲ್ಲ ಬಿಳಿಯ ಬಾಲಂಕ್ಯಾ, ಮುಖ ಕಪ್ಪಾದ ವಾನ್ನೇರಾ, ಕಪ್ಪು ಮಚ್ಚೆಯ ಶೇವೇರಾ ಎಂದು ಮೂರು ಬಗೆ. ಜೋತುಬಿದ್ದ ಕಿವಿಯ ಆ ಆಕಳನ್ನು ಉಳಿದ ಪೂರಿಗೆ ಬಲಿ ಕೊಡಬಾರದು.

ಸಾಕುಪ್ರಾಣಿ ತಿನ್ನಬಾರದ್ದೇನೋ ತಿಂದಿದೆ ಎಂದು ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ತಿಂದದ್ದೇನು, ಎಷ್ಟು, ಯಾವಾಗ ಎಂದು ಬರೆದುಕೊಂಡು, ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಹೊರಡಿ. ಬೀದರಿನವರಿಗೆ ದೊಡ್ಡ ಅನುಕೂಲವಿದೆ: ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಇಲ್ಲಿನ ನಂದಿನಗರದಲ್ಲಿದೆ, ಪಶುವೈದ್ಯಕೀಯ ಕಾಲೇಜೂ ಅಲ್ಲೇ. ಹಳ್ಳಿಯಲ್ಲಿರುವವರು ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಬಹುದು. ಇನ್ನೊಂದು ಮಾತು, ತಿನಿಸಿನ ಆಸೆಗೆ ಬಂದ ನಾಯಿ ಮಕ್ಕಳಿಗೆ ಹಲ್ಲು ತಾಗಿಸಿದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಾಕಿದ ನಾಯಿಗೆ ಮೂರು ತಿಂಗಳು ತುಂಬುತ್ತಲೇ ರೇಬಿಸ್ ಲಸಿಕೆ, ಮುಂದೆ ವರ್ಷಕ್ಕೊಮ್ಮೆ.

ಕಾಯುವಾಗ ಕೇಳಲು

ಹಾಡು ಹಚ್ಚುವ ಮುನ್ನ ನಾಯಿಯ ಕಿವಿಯ ವಿಚಾರವೂ ಇರಲಿ. ಮನುಷ್ಯರಿಗೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ 45ರವರೆಗೆ, ಬೆಕ್ಕಿಗೆ 60 ದಾಟಿಯೂ ಕೇಳುತ್ತದೆ. ಸ್ಪೀಕರನ್ನು ನೆಲದಲ್ಲಿ ನಾಯಿಯ ಪಕ್ಕಕ್ಕೆ ಇಡಬೇಡಿ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2017ರಲ್ಲಿ ಆಶ್ರಯಧಾಮದ ನಾಯಿಗಳಿಗೆ ಬೇರೆಬೇರೆ ಸಂಗೀತ ಕೇಳಿಸಿ ನೋಡಿದರು. ಸಂಗೀತ ಇದ್ದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿದವು, ಆದರೆ ದಿನವೂ ಒಂದೇ ಬಗೆಯದನ್ನು ಹಾಕಿದರೆ ಅದರ ಗುಣ ಕಡಿಮೆಯಾಗುತ್ತಿತ್ತು, ಬದಲಾಯಿಸುತ್ತಿದ್ದರೆ ಉಳಿಯುತ್ತಿತ್ತು. ಹೊಸ ವರ್ಷದ ರಾತ್ರಿ ಪಟಾಕಿಗೆ ನಡುಗುವ ನಾಯಿಯಿದ್ದರೆ ಕಿಟಕಿ ಹಾಕಿ, ಒಳಕೋಣೆಯಲ್ಲಿ ಮೆಲುದನಿಯ ಹಾಡು ಹಚ್ಚಿ, ಹತ್ತಿರ ಯಾರಾದರೂ ಕೂತಿರಿ.

ಬದಲಾಯಿಸಿ ಕೇಳುವುದಕ್ಕೆ ಬೀದರಿಗಿಂತ ಒಳ್ಳೆಯ ಊರು ಯಾವುದು? ವಚನದಿಂದ ಶುರು ಮಾಡಿ. ಛಂದಸ್ಸಿಗೆ ಕಟ್ಟುಬೀಳದ ವಚನವನ್ನು ರಾಗಕ್ಕೆ ಒಗ್ಗಿಸುವುದು ಸುಲಭದ ಕೆಲಸವಲ್ಲ. ಮಲ್ಲಿಕಾರ್ಜುನ ಮನ್ಸೂರ (1910–1992) ಜೈಪುರ–ಅತ್ರೌಲಿ ಘರಾಣೆಯ ಕಠಿಣ ದಾರಿಯಲ್ಲಿ ನಡೆದವರು; ಅವರು ವಚನ ಹಾಡುವಾಗ ರಾಗದ ಬಿಗಿ ಸಡಿಲಿಸುವುದಿಲ್ಲ, ಮಾತನ್ನೂ ಮುಚ್ಚುವುದಿಲ್ಲ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ದನಿ ಬೇರೆ, ಅಲ್ಲಿ ಮಾತೇ ಮುಂದೆ. ಒಂದಾದ ಮೇಲೆ ಒಂದು ಕೇಳಿ, ಮಕ್ಕಳಿಗೂ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಂದ ಹೈದರಾಬಾದಿನ ಅಜೀಜ್ ಅಹ್ಮದ್ ಖಾನ್ ವಾರ್ಸಿಯವರ ಕವ್ವಾಲಿಗೆ ಹೋಗಿ. ಆಮೇಲೆ ಒಂದು ಶಬದ್ ಕೀರ್ತನ. ಬೀದರಿನ ಗುರುದ್ವಾರ ಗುರುನಾನಕ್ ಝೀರಾದಲ್ಲಿ ನಿತ್ಯ ಕೇಳಿಬರುವ ಸಂಗೀತ ಅದು. ಗುರು ಗ್ರಂಥ ಸಾಹಿಬಿನ ರಚನೆಗಳನ್ನು 31 ರಾಗಗಳ ಅಡಿಯಲ್ಲಿ ಜೋಡಿಸಲಾಗಿದೆ, 1699ರ ಸಿಖ್ ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ. ಭಾಲ್ಕಿ, ಔರಾದ ಕಡೆಯವರಿಗೆ ಅಭಂಗ ಹೊಸದಲ್ಲ. ಶಾಸ್ತ್ರೀಯ ಸಂಗೀತದ ರುಚಿ ಹತ್ತಿದವರಿಗೆ 2016ರಲ್ಲಿ ಶುರುವಾದ ಆಕಾಶವಾಣಿಯ ‘ರಾಗಂ’ ವಾಹಿನಿ ದಿನವಿಡೀ ಮೊಬೈಲಿನಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಅಷ್ಟೂರಿನವರಿಗೆ ಇದೆಲ್ಲ ಬೇರೆಬೇರೆ ಎನಿಸುವುದೇ ಇಲ್ಲ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹ್ಮದ್ ಶಾ ವಲಿ 1436ರಲ್ಲಿ ತೀರಿಕೊಂಡ. ಊರ ಪಕ್ಕದ ಬಹಮನಿ ಗುಮ್ಮಟಗಳ ಸಾಲಿನಲ್ಲಿ ಅವನದೂ ಒಂದು. ಅವನನ್ನು ಮುಸ್ಲಿಮರು ವಲಿ ಎಂದರೆ ಲಿಂಗಾಯತರು ಅಲ್ಲಮಪ್ರಭು ಎನ್ನುತ್ತಾರೆ. ಹೋಳಿಯ ನಂತರ ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ನಡೆದೇ ಬರುತ್ತಾರೆ. ಕವ್ವಾಲಿಯನ್ನು ಎದುರು ಕೂತು ಕೇಳಬೇಕೆಂದರೆ ಆ ದಿನಗಳನ್ನು ಈಗಲೇ ಗುರುತು ಹಾಕಿಕೊಳ್ಳಿ.

ಆದರೆ ಎಲ್ಲಕ್ಕಿಂತ ದೊಡ್ಡ ಶೋಧ ಮನೆಯೊಳಗೇ ಇದೆ. ಶೀಗಿ ಹುಣ್ಣಿಮೆಯ ಭುಲಾಯಿ ಪದ, ಬೀಸುಕಲ್ಲಿನ ಪದ, ಮೊಹರಮ್ಮಿನ ರಿವಾಯತ್ ಪದ, ಔರಾದ ಕಡೆಯ ತಾಂಡಾಗಳಲ್ಲಿ ದೀಪಾವಳಿಗೆ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹಾಡುವ ಮೇರಾ, ಕ್ರಿಸ್‌ಮಸ್ ರಾತ್ರಿಯ ಕನ್ನಡ ಕ್ಯಾರಲ್. ಇವುಗಳಲ್ಲಿ ಬಹುಪಾಲು ಯಾವ ಆ್ಯಪಿನಲ್ಲೂ ಇಲ್ಲ. ನಿಜಾಮರ ಕಾಲದಲ್ಲಿ ಇಲ್ಲಿನ ಶಾಲೆಯ ಭಾಷೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು (1889–1999) ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿ ಅಕ್ಷರವನ್ನು ಉಳಿಸಿದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಣ್ಣುಮಕ್ಕಳು ಅದೇ ಕನ್ನಡವನ್ನು ಪದಗಳಲ್ಲಿ ಉಳಿಸಿದರು. ಆ ಪದ ಬಲ್ಲ ಆಯಿ, ಅಮ್ಮ, ದೊಡ್ಡವ್ವಂದಿರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರ ಪದಗಳನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುವುದೇ ಈ ರಜೆಯಲ್ಲಿ ಮಕ್ಕಳಿಗೆ ಕೊಡಬೇಕಾದ ಕೆಲಸ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವಾದರೆ ಹಾಡಿನ ನಡುವೆ ಕರೆ ಬರುತ್ತದೆ. ಫ್ಯಾನು, ಟಿವಿ, ಮಿಕ್ಸರು ಬಂದ್ ಮಾಡಿ. ಮಣ್ಣಿನ ಗೋಡೆಯ ಕೋಣೆ, ಹಾಸಿಗೆ ಬಟ್ಟೆ ತುಂಬಿದ ಕೋಣೆ ಒಳ್ಳೆಯದು. ಟೈಲ್ಸ್ ಹಾಕಿದ ಬರಿದಾದ ಹಾಲಿನಲ್ಲಿ ದನಿ ಮಾರ್ದನಿಸುತ್ತದೆ. ಫೋನು ಬಾಯಿಂದ ಒಂದು ಮೊಳ ದೂರ, ತುಸು ಓರೆಗೆ, ಮಡಿಸಿದ ಬಟ್ಟೆಯ ಮೇಲೆ ಇರಲಿ. ಕೈಯಲ್ಲಿ ಹಿಡಿದರೆ ಬೆರಳಿನ ಸದ್ದೂ ಸೇರುತ್ತದೆ. ಮೊದಲು ಹಾಡುವವರ ಹೆಸರು, ಊರು, ತಾರೀಖು, ಯಾವ ಹೊತ್ತಿನ ಪದ, ಯಾರಿಂದ ಕಲಿತದ್ದು ಎಂದು ಹೇಳಿಸಿ. ನಡುವೆ ಮರೆತರೆ ನಿಲ್ಲಿಸಬೇಡಿ, ಅವರು ನೆನಪಿಸಿಕೊಳ್ಳುವುದೂ ದಾಖಲಾಗಲಿ. ಹಿಂದೆ ನಾಯಿ ಬೊಗಳಿದರೂ ಚಿಂತೆಯಿಲ್ಲ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಇಡಿ; ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟರೆ ಎಂದೋ ಅಳಿಸಿಹೋಗುತ್ತದೆ. ಹಾಡಿದವರಿಗೆ ಮೊದಲು ಕೇಳಿಸಿ, ಅವರು ಹೂಂ ಅಂದ ಮೇಲಷ್ಟೇ ಬೇರೆಯವರಿಗೆ ಕಳಿಸಿ.